ಮಗು ಆಗ ಯಾರ ಕೈಲಿತ್ತು?

ಹೊರದೇಶದಲ್ಲಿ ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಸಂಸಾರ ಮಾಡಿದ ತಾಯಂದಿರು ಬರೆದ ಪುಸ್ತಕಗಳಲ್ಲಿ ಮೂರು ದೃಶ್ಯ ಇದ್ದೇ ಇರುತ್ತವೆ. ಒಂದು, ಹೋಟೆಲಿನಲ್ಲೋ ಸೂಪರ್‌ಮಾರ್ಕೆಟ್ಟಿನಲ್ಲೋ ಲೇಖಕಿಯ ಮಗು ನೆಲಕ್ಕೆ ಬಿದ್ದು ಹೊರಳಾಡುವುದು. ಎರಡು, ಪಕ್ಕದಲ್ಲೇ ಆ ದೇಶದ ಮಗುವೊಂದು ತುಟಿಪಿಟಿಕ್ಕೆನ್ನದೆ ಕೂತು ತಟ್ಟೆಯಲ್ಲಿದ್ದ ತರಕಾರಿ ಖಾಲಿ ಮಾಡುವುದು. ಮೂರು, ಆ ಮಗುವಿನ ಅಮ್ಮನ ಮುಖದಲ್ಲಿನ ನೆಮ್ಮದಿ ನೋಡಿ ಲೇಖಕಿಗೆ ಜ್ಞಾನೋದಯವಾಗುವುದು. ಮುಂದಿನ ಪುಟಗಳೆಲ್ಲ ಆ ನೆಮ್ಮದಿಯ ರಹಸ್ಯ ಹುಡುಕುವ ಸಾಹಸ. ಫ್ರಾನ್ಸಿನ ಬಗ್ಗೆ ಇಂಥದ್ದೊಂದು ಪುಸ್ತಕ ಇದೆ, ನೆದರ್ಲ್ಯಾಂಡ್ಸ್ ಬಗ್ಗೆ ಇದೆ, ಇನ್ನೂ ಬೇಕಾದಷ್ಟಿವೆ. ಓದೋಕೆ ಮಜಾ ಇರುತ್ತೆ. ಓದಿ ಮುಗಿಸಿದ ಮೇಲೆ ಮಾತ್ರ ನನಗೆ ಯಾವಾಗಲೂ ಒಂದು ಸಣ್ಣ ಸಿಟ್ಟು ಉಳಿಯುತ್ತೆ. ಯಾಕೆ ಅಂತ ಬಹಳ ದಿನ ಗೊತ್ತಿರಲಿಲ್ಲ.

ಗೊತ್ತಾಗಿದ್ದು ರೀನಾ ಮೇ ಅಕೋಸ್ಟಾ ಮತ್ತು ಮಿಶೆಲ್ ಹಚಿಸನ್ ಬರೆದ 'ದಿ ಹ್ಯಾಪಿಯೆಸ್ಟ್ ಕಿಡ್ಸ್ ಇನ್ ದಿ ವರ್ಲ್ಡ್' ಪುಸ್ತಕವನ್ನು ಎರಡನೇ ಸಲ ಓದಿದಾಗ. 2017ರಲ್ಲಿ ಬಂದ ಪುಸ್ತಕ. ಅಕೋಸ್ಟಾ ಅಮೆರಿಕದವರು, ಹಚಿಸನ್ ಇಂಗ್ಲೆಂಡಿನವರು. ಇಬ್ಬರೂ ಡಚ್ ಗಂಡಸರನ್ನು ಮದುವೆಯಾಗಿ ನೆದರ್ಲ್ಯಾಂಡ್ಸ್‌ನಲ್ಲಿ ನೆಲೆಸಿದವರು. ಒಬ್ಬೊಬ್ಬರ ದನಿಯಲ್ಲಿ ಒಂದೊಂದು ಅಧ್ಯಾಯ. ನಾನೂ ಅದೇ ದೇಶದಲ್ಲಿ, ಐಂಡ್‌ಹೋವನ್ ಊರಿನಲ್ಲಿ, ಗಂಡನ ಕೆಲಸದ ಬಾಲ ಹಿಡಿದು ನಾಲ್ಕು ವರ್ಷ ಇದ್ದೆ. ಹೋದಾಗ ಮಗನಿಗೆ ಎರಡು ವರ್ಷ. ಮಗಳು ಹುಟ್ಟಿದ್ದು ಅಲ್ಲೇ. ಹಾಗಾಗಿ ಮೊದಲ ಸಲ ಓದುವಾಗ ಪುಟಪುಟಕ್ಕೂ 'ಹೌದಲ್ವಾ' ಅಂತ ತಲೆಯಾಡಿಸಿದ್ದೆ.

ಯಾಕಂದ್ರೆ ಇವರು ಬರೆದದ್ದು ಸುಳ್ಳಲ್ಲ. ಅಲ್ಲಿ ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಚಾಕೊಲೇಟ್ ಚೂರು ಉದುರಿಸಿ ಮಕ್ಕಳಿಗೆ ನಿಜವಾಗಿಯೂ ಕೊಡುತ್ತಾರೆ. ಅದಕ್ಕೆ 'ಹಾಗೆಲ್‌ಸ್ಲಾಖ್' ಅಂತ ಹೆಸರು. ಅಂದ್ರೆ ಆಲಿಕಲ್ಲು. ಮಳೆ ಬರಲಿ, ಗಾಳಿ ಬೀಸಲಿ, ಸೈಕಲ್ಲಿನ ಮುಂದಿನ ಮರದ ಪೆಟ್ಟಿಗೆಯಲ್ಲಿ ಮೂರು ಮಕ್ಕಳನ್ನು ತುಂಬಿಕೊಂಡು ಅಮ್ಮಂದಿರು ತುಳಿಯುತ್ತಾರೆ. ನಾಲ್ಕು ವರ್ಷ ತುಂಬಿದ ದಿನದಿಂದಲೇ ಮಗು ಶಾಲೆಗೆ ಹೋಗಬಹುದು. ಚಿಕ್ಕ ತರಗತಿಗಳಲ್ಲಿ ಹೋಂವರ್ಕ್ ಅನ್ನುವ ಪದ ಕಿವಿಗೆ ಬೀಳೋದು ಅಪರೂಪ. ಮಕ್ಕಳು ಹೊರಗೆ ಒಬ್ಬೊಬ್ಬರೇ ಆಡುತ್ತಾರೆ, ಮರ ಹತ್ತುತ್ತಾರೆ, ಬೀಳುತ್ತಾರೆ. ಯಾರೂ ಓಡಿ ಹೋಗಿ ಎತ್ತೋದಿಲ್ಲ. ಇದನ್ನೆಲ್ಲ ಲೇಖಕಿಯರು ತಮ್ಮ ಪೇಚಾಟಗಳನ್ನೂ ಸೇರಿಸಿ ಚೆನ್ನಾಗಿ ಹೇಳುತ್ತಾರೆ. ಪುಸ್ತಕದ ಒಳ್ಳೆಯ ಭಾಗ ಅದೇ. ಮಗನನ್ನು ಓದಿನಲ್ಲಿ ಮುಂದೆ ತಳ್ಳಬೇಕೋ ಬೇಡವೋ ಅಂತ ಒಳಗೊಳಗೇ ಒದ್ದಾಡುವ ತಾಯಿ, ಅದನ್ನು ಒಪ್ಪಿಕೊಂಡು ಬರೆದಾಗ, ನಮ್ಮ ಪಕ್ಕದ ಮನೆಯವಳೇ ಆಗಿಬಿಡುತ್ತಾಳೆ.

ಸಿಟ್ಟು ಶುರುವಾಗೋದು ತಲೆಬರಹದಿಂದ. 'ವರ್ಲ್ಡ್' ಅಂದ್ರೆ ಪ್ರಪಂಚ ಅಲ್ವಾ? ಈ ಮಾತಿಗೆ ಆಧಾರ 2013ರ ಯುನಿಸೆಫ್ ವರದಿ. ಅದು ಹೋಲಿಸಿದ್ದು 29 ಶ್ರೀಮಂತ ದೇಶಗಳನ್ನು. ಅವುಗಳಲ್ಲಿ ನೆದರ್ಲ್ಯಾಂಡ್ಸ್ ಮೊದಲನೆಯದು, ನಿಜ. 2020ರಲ್ಲಿ ಇನ್ನೊಂದು ವರದಿ ಬಂದಾಗಲೂ ಅದೇ ಮೊದಲು. ಆದರೆ ನಮ್ಮ ದೇಶದ ಮಕ್ಕಳು ಆ ಪಟ್ಟಿಯಲ್ಲಿ ಕೊನೆಗೂ ಇಲ್ಲ, ನಡುವೆಯೂ ಇಲ್ಲ. ಲೆಕ್ಕಕ್ಕೇ ಇಲ್ಲ. ಶ್ರೀಮಂತ ಓಣಿಯೊಳಗಿನ ಓಟದ ಪಂದ್ಯ ಅದು. ಅಲ್ಲಿ ಗೆದ್ದವರ ಮನೆಯ ಗುಟ್ಟನ್ನು ಬೆಂಗಳೂರಿನ ಬೆಳ್ಳಂದೂರಿನಲ್ಲಿ ಕೂತ ತಾಯಿ ಓದಿ, 'ನಾನೇ ಎಲ್ಲೋ ತಪ್ಪು ಮಾಡ್ತಿದೀನಿ' ಅಂದುಕೊಳ್ಳುತ್ತಾಳೆ. ನನ್ನ ಗೆಳತಿಯೊಬ್ಬಳು ಈ ಪುಸ್ತಕ ಓದಿ ಕೇಳಿದ್ದು ಅದನ್ನೇ: "ಅಲ್ಲೇ, ನಮ್ಗೆ ಯಾಕೆ ಅಷ್ಟು ಆರಾಮಾಗಿ ಇರಕ್ಕೆ ಬರಲ್ಲ?"

ಆ ಪ್ರಶ್ನೆಗೆ ಉತ್ತರ ಪುಸ್ತಕದ ಅಮೆರಿಕನ್ ಆವೃತ್ತಿಯ ಉಪಶೀರ್ಷಿಕೆಯಲ್ಲೇ ಅಡಗಿದೆ. ಡಚ್ ತಂದೆತಾಯಿಯರು 'ಕಡಿಮೆ ಮಾಡುವುದರ ಮೂಲಕ' ಮಕ್ಕಳಿಗೂ ತಮಗೂ ಹೇಗೆ ನೆರವಾಗುತ್ತಾರೆ ಅನ್ನುವ ಅರ್ಥದ ಸಾಲು ಅದು. ಮನೆಗೆಲಸ ಮಾಡಿದ ಯಾರಿಗೇ ಆದರೂ ಗೊತ್ತು: ಒಬ್ಬರು ಕಡಿಮೆ ಮಾಡಬೇಕಾದರೆ ಇನ್ನೊಬ್ಬರು ಹೆಚ್ಚು ಮಾಡಿರಬೇಕು. ಮಗು ತಾನಾಗಿ ಡೈಪರ್ ಬದಲಾಯಿಸಿಕೊಳ್ಳೋದಿಲ್ಲ. ಆ ಇನ್ನೊಬ್ಬರು ಯಾರು? ತಾಯಿ ಪುಸ್ತಕ ಬರೆಯುವಾಗ, ಕಾಫಿ ಕುಡಿಯುವಾಗ, ಜ್ಞಾನೋದಯ ಪಡೆಯುವಾಗ, ಮಗು ಯಾರ ಕೈಲಿತ್ತು?

ನನ್ನ ಮಗಳು ಹುಟ್ಟಿದಾಗ ಮೊದಲ ಎಂಟು ದಿನ ಅವಳು ಇದ್ದದ್ದು ಒಬ್ಬ ಡಚ್ ಹೆಂಗಸಿನ ಕೈಯಲ್ಲಿ. ಅಲ್ಲಿ ಹೆರಿಗೆಯಾದ ಮನೆಗೆ ತರಬೇತಿ ಪಡೆದ ಆರೈಕೆದಾರ್ತಿ ಬರುತ್ತಾಳೆ. 'ಕ್ರಾಮ್‌ಜೋರ್ಖ್' ಅಂತಾರೆ. ಅಪ್ಪಟ ಕನ್ನಡದಲ್ಲಿ ಹೇಳಬೇಕಂದ್ರೆ ಬಾಣಂತನ. ಸಾಮಾನ್ಯವಾಗಿ ಎಂಟು ದಿನಕ್ಕೆ ಹಂಚಿದ 49 ಗಂಟೆ, ಬಹುಪಾಲು ಖರ್ಚು ಕಡ್ಡಾಯ ಆರೋಗ್ಯ ವಿಮೆಯದು. ಅವಳು ಹೊಲಿಗೆ ನೋಡಿದಳು, ಹಾಲು ಕುಡಿಸೋದು ಹೇಳಿಕೊಟ್ಟಳು, ಮಗುವಿನ ತೂಕ, ಜ್ವರ, ಎಷ್ಟು ಸಲ ಒದ್ದೆಯಾಯಿತು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಳು. ಬಟ್ಟೆ ಒಗೆದಳು, ಕಕ್ಕಸು ತೊಳೆದಳು. ಬಂದವರಿಗೆ ಬಿಸ್ಕತ್ತಿನಂಥ ರಸ್ಕಿನ ಮೇಲೆ ಗುಲಾಬಿ-ಬಿಳಿ ಸೋಂಪಿನ ಮಿಠಾಯಿ ಹಾಕಿ ಕೊಟ್ಟಳು. ಗಂಡುಮಗುವಾದರೆ ನೀಲಿ-ಬಿಳಿ. ನಮ್ಮ ಮೂರು ವರ್ಷದ ಮಗನನ್ನು ಪಾರ್ಕಿಗೂ ಕರಕೊಂಡು ಹೋದಳು. ಆ ಎಂಟು ದಿನ ನಾನೂ ಡಚ್ ತಾಯಂದಿರ ಹಾಗೆ ಆರಾಮಾಗಿದ್ದೆ. ನನ್ನ ಮನೋಭಾವ ಬದಲಾಗಿ ಅಲ್ಲ, ಮನೆಯಲ್ಲಿ ಒಬ್ಬಳು ಕೆಲಸ ಬಲ್ಲವಳು ಇದ್ದದ್ದಕ್ಕೆ.

ಅಕೋಸ್ಟಾ, ಹಚಿಸನ್ ಈ ವ್ಯವಸ್ಥೆಯನ್ನು ಮುಚ್ಚಿಡೋದಿಲ್ಲ. ಹೊಗಳುತ್ತಾರೆ. ಫ್ರಾನ್ಸ್ ಬಗ್ಗೆ ಬರೆದ ಪಮೇಲಾ ಡ್ರಕರ್‌ಮನ್ ಕೂಡ ಮುಚ್ಚಿಡೋದಿಲ್ಲ. ಅವರ 2012ರ 'ಬ್ರಿಂಗಿಂಗ್ ಅಪ್ ಬೆಬೆ' ಪುಸ್ತಕದಲ್ಲಿ ಪ್ಯಾರಿಸ್ಸಿನ ಸರ್ಕಾರಿ ಶಿಶುವಿಹಾರದ ಬಗ್ಗೆ ಬೇಕಾದಷ್ಟು ಪುಟಗಳಿವೆ. ಮಗಳು ಅಲ್ಲೇ ಬೆಳೆದದ್ದು. ತೊಂದರೆ ಏನಂದ್ರೆ, ಪುಸ್ತಕ ಮುಗಿಸಿದ ಓದುಗಳ ಕೈಗೆ ಸಿಗುವ ಪ್ರಸಾದ ಮಾತ್ರ ಬೇರೆ. ಮಗು ಅತ್ತರೆ ತಕ್ಷಣ ಎತ್ತಬೇಡಿ, ಸ್ವಲ್ಪ ತಡೆಯಿರಿ. ಸಂಜೆ ನಾಲ್ಕೂವರೆಯ ತಿಂಡಿ ಬಿಟ್ಟು ನಡುವೆ ಏನೂ ಕೊಡಬೇಡಿ. 'ತೀರ್ಮಾನ ನನ್ನದು' ಅಂತ ಗಟ್ಟಿಯಾಗಿ ಹೇಳಿ. ಇವೆಲ್ಲ ಬೇರೆ ದೇಶಕ್ಕೆ ಸೂಟ್‌ಕೇಸಿನಲ್ಲಿ ಸಾಗಿಸಬಹುದಾದ ಸರಕು. ಶಿಶುವಿಹಾರವನ್ನು ಸೂಟ್‌ಕೇಸಿನಲ್ಲಿ ಹಾಕೋಕಾಗಲ್ಲ. ಹಾಗಾಗಿ ವ್ಯವಸ್ಥೆ ಒಂದು ಅಧ್ಯಾಯವಾಗಿ ಉಳಿಯುತ್ತೆ, ಮನೋಭಾವ ಇಡೀ ಪುಸ್ತಕದ ಪಾಠವಾಗುತ್ತೆ. ಈ ಪ್ರಕಾರದ ಬರವಣಿಗೆಯ ಮೂಲ ದೋಷ ಇದೇ ಅಂತ ನನಗನ್ನಿಸುತ್ತೆ.

ಹಾಗಂತ 'ಅಲ್ಲಿ ಸರ್ಕಾರ ಎಲ್ಲ ಕೊಡುತ್ತೆ, ಇಲ್ಲಿ ಏನೂ ಕೊಡಲ್ಲ' ಅಂತ ಕೈತೊಳೆದುಕೊಳ್ಳೋದೂ ಸರಿಯಲ್ಲ. ಲೆಕ್ಕ ಅಷ್ಟು ಸಲೀಸಿಲ್ಲ. ಈ ಪುಸ್ತಕ ಬಂದ 2017ರಲ್ಲಿ ನೆದರ್ಲ್ಯಾಂಡ್ಸ್‌ನ ಹೆರಿಗೆ ರಜೆ 16 ವಾರ. ಅಪ್ಪನಿಗೆ ಸಂಬಳದ ರಜೆ ಬರೀ ಎರಡು ದಿನ. ಹೌದು, 'ಪಾಪಾದಾಖ್' ಅಂದ್ರೆ 'ಅಪ್ಪನ ದಿನ' ಅಂತ ವಾರಕ್ಕೊಂದು ದಿನ ಮಕ್ಕಳ ಜೊತೆ ಮನೆಯಲ್ಲಿರುವ ಗಂಡಸರ ಬಗ್ಗೆ ನಾವೆಲ್ಲ ಬಾಯಿ ಬಿಟ್ಟುಕೊಂಡು ಓದುತ್ತೇವಲ್ಲ, ಅದೇ ದೇಶ. 2019ರಲ್ಲಿ ಎರಡು ದಿನ ಒಂದು ವಾರವಾಯಿತು, 2020ರಿಂದ ಕಡಿಮೆ ಸಂಬಳದ ಮೇಲೆ ಇನ್ನೂ ಐದು ವಾರ ಸೇರಿತು. ಅದೇ 2017ರಲ್ಲಿ ನಮ್ಮಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದು, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಸಿಕ್ಕಿತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತಲೂ ಬಂತು. ಕಾಗದದ ಮೇಲೆ ನಾವೇ ಮುಂದೆ! ಆದರೆ ಆ ಕಾಗದ ತಲುಪುವುದು ಸಂಬಳದ ಚೀಟಿ ಇರುವವರಿಗೆ. ಕಟ್ಟಡದ ಕೆಲಸಕ್ಕೆ ಹೋಗುವವಳಿಗೆ, ಮನೆಗೆಲಸದವಳಿಗೆ ಅಲ್ಲ. ಖಾಸಗಿ ಕಂಪನಿಯಲ್ಲಿ ದುಡಿಯುವ ಅಪ್ಪನಿಗೆ ಕಾನೂನಿನ ಪ್ರಕಾರ ಒಂದು ದಿನವೂ ಇಲ್ಲ.

ಹಾಗಾದರೆ ಡಚ್ ತಾಯಂದಿರ ಆರಾಮದ ಗುಟ್ಟೇನು? ದೊಡ್ಡ ಭಾಗ ಅರೆಕಾಲಿಕ ಕೆಲಸ. ಕೆಲಸದ ಗಂಟೆ ಕಡಿಮೆ ಮಾಡಿ ಅಂತ ಮಾಲೀಕನನ್ನು ಕೇಳುವ ಹಕ್ಕು 2000ದಿಂದಲೇ ಕಾನೂನಿನಲ್ಲಿದೆ. ಅಲ್ಲಿ ಕೆಲಸ ಮಾಡುವ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅರೆಕಾಲಿಕರು. ಬುಧವಾರ ಮಧ್ಯಾಹ್ನ ಶಾಲೆಯ ಗೇಟಿನಲ್ಲಿ ನಗುತ್ತಾ ನಿಂತಿರುತ್ತಿದ್ದ ಅಮ್ಮಂದಿರು ಆ ನಗುವಿಗೆ ಸಂಬಳದಲ್ಲಿ, ಬಡ್ತಿಯಲ್ಲಿ, ನಿವೃತ್ತಿ ವೇತನದಲ್ಲಿ ಬೆಲೆ ತೆತ್ತಿರುತ್ತಾರೆ. ಅದು ಅವರ ಆಯ್ಕೆ ಇರಬಹುದು, ಒಳ್ಳೆಯ ಆಯ್ಕೆಯೇ ಇರಬಹುದು. ಆದರೆ ಬಿಲ್ ಬರೋದು ತಾಯಿಯ ಹೆಸರಿಗೇ. 'ಕಡಿಮೆ ಮಾಡುವ' ತಾಯಿ ಕಡಿಮೆ ಮಾಡಿದ್ದು ಆಫೀಸಿನ ಕೆಲಸವನ್ನು, ಮನೆಯದನ್ನಲ್ಲ. ಪುಸ್ತಕ ಇಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕಿತ್ತು.

ಇನ್ನೊಂದು ವಿಷಯವನ್ನು ಪುಸ್ತಕ ಹೇಳಲು ಸಾಧ್ಯವೇ ಇರಲಿಲ್ಲ, ಅದು ಬಯಲಾದದ್ದು ಆಮೇಲೆ. ಶಿಶುಪಾಲನೆಯ ಶುಲ್ಕಕ್ಕೆ ಸರ್ಕಾರ ಕೊಡುವ ಸಹಾಯಧನದಲ್ಲಿ ಮೋಸ ಮಾಡಿದ್ದೀರಿ ಅಂತ ಡಚ್ ತೆರಿಗೆ ಇಲಾಖೆ ವರ್ಷಗಟ್ಟಲೆ ಸಾವಿರಾರು ತಂದೆತಾಯಿಯರ ಮೇಲೆ ತಪ್ಪು ಆರೋಪ ಹೊರಿಸಿತ್ತು. ಅರ್ಜಿಯಲ್ಲಿ ಒಂದು ಸಹಿ ಬಿಟ್ಟುಹೋದದ್ದಕ್ಕೂ ಪೂರ್ತಿ ಹಣ ವಾಪಸ್ ಕೇಳಿದ ಉದಾಹರಣೆಗಳಿವೆ. ಸಿಕ್ಕಿಬಿದ್ದವರಲ್ಲಿ ಹೊರಗಿನಿಂದ ಬಂದು ನೆಲೆಸಿದ ಕುಟುಂಬಗಳು ಬಹಳ. ಜನ ಸಾಲದಲ್ಲಿ ಮುಳುಗಿದರು, ಮನೆ ಕಳೆದುಕೊಂಡರು, ಸಂಸಾರಗಳು ಒಡೆದವು. ಹೀಗೆ ಪೆಟ್ಟು ತಿಂದ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳು ಆ ವರ್ಷಗಳಲ್ಲಿ ತಂದೆತಾಯಿಯಿಂದ ಬೇರೆಯಾಗಿ ಸರ್ಕಾರದ ಸುಪರ್ದಿಗೆ ಹೋಗಿದ್ದರು. 2021ರ ಜನವರಿಯಲ್ಲಿ ಇದೇ ವಿಷಯಕ್ಕೆ ಇಡೀ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು.

2017ರ ಪುಸ್ತಕವನ್ನು 2021ರ ಸುದ್ದಿಯಿಂದ ಹೊಡೆಯೋದು ನ್ಯಾಯವಲ್ಲ. ನಾನು ಕೇಳ್ತಿರೋದು ಇಷ್ಟೇ: 'ಹೊರದೇಶದ ತಾಯಿ' ಅಂದಾಗ ಯಾವ ತಾಯಿ? ಅಕೋಸ್ಟಾ, ಹಚಿಸನ್ ಇಬ್ಬರ ಮನೆಯೊಳಗೂ ಆ ದೇಶದ ಭಾಷೆ ಮಾತಾಡುವ ಗಂಡ ಇದ್ದಾನೆ. ಸರ್ಕಾರದ ಕಾಗದ ಬಂದರೆ ಓದಿ ಹೇಳುವವನು ಪಕ್ಕದಲ್ಲೇ ಮಲಗಿರುತ್ತಾನೆ. ಅವರ ಪರದೇಶಕ್ಕೆ ಒಂದು ಹಿಂಬಾಗಿಲಿದೆ. ಗಂಡನ ಕೆಲಸ ಹೋದರೆ ಕೆಲವೇ ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕಾದ ನನ್ನಂಥವಳ ಪರದೇಶ ಬೇರೆ. ಲಕೋಟೆ ಬಂದರೆ ಎದೆ ಧಸಕ್ಕೆನ್ನುವ, ಮೊರಾಕ್ಕೊದಿಂದಲೋ ಟರ್ಕಿಯಿಂದಲೋ ಬಂದ ತಾಯಿಯ ಪರದೇಶ ಇನ್ನೂ ಬೇರೆ. ಅದೇ ಸೈಕಲ್ ದಾರಿ, ಅದೇ ಪಾರ್ಕು. ಸಾಹಸ ಮಾತ್ರ ಒಂದೇ ಅಲ್ಲ.

ಹಚಿಸನ್‌ಗೆ ಈ ಕತ್ತಲು ಗೊತ್ತಿಲ್ಲ ಅಂತ ಮಾತ್ರ ಹೇಳೋಹಾಗಿಲ್ಲ. ಅವರು ಡಚ್‌ನಿಂದ ಇಂಗ್ಲಿಷಿಗೆ ಅನುವಾದಿಸುವ ದೊಡ್ಡ ಹೆಸರು. ಬಾನು ಮುಷ್ತಾಕ್, ದೀಪಾ ಭಾಸ್ತಿ ಅವರಿಂದಾಗಿ 2025ರಲ್ಲಿ ನಮ್ಮ ಮನೆಮಾತಾಯಿತಲ್ಲ ಇಂಟರ್‌ನ್ಯಾಷನಲ್ ಬುಕರ್, ಅದೇ ಬಹುಮಾನವನ್ನು 2020ರಲ್ಲಿ ಲೇಖಕರ ಜೊತೆ ಹಂಚಿಕೊಂಡವರು ಇದೇ ಹಚಿಸನ್. ಕೃತಿ ಮರೀಕೆ ಲುಕಾಸ್ ರೈನೆವೆಲ್ಡ್ ಅವರ 'ದಿ ಡಿಸ್ಕಂಫರ್ಟ್ ಆಫ್ ಈವ್ನಿಂಗ್'. ಕಟ್ಟಾ ಧಾರ್ಮಿಕ ಡಚ್ ಹೈನುಗಾರರ ಮನೆ. ಸ್ಕೇಟಿಂಗ್‌ಗೆ ಹೋದ ದೊಡ್ಡ ಮಗ ಮಂಜುಗಡ್ಡೆ ಒಡೆದು ನೀರಿನಲ್ಲಿ ಸಾಯುತ್ತಾನೆ. ತಂದೆತಾಯಿ ದುಃಖದಲ್ಲಿ ಕಲ್ಲಾಗುತ್ತಾರೆ. ಉಳಿದ ಮಕ್ಕಳನ್ನು ನೋಡುವವರಿಲ್ಲ. ಹತ್ತು ವರ್ಷದ ಹುಡುಗಿ ಮೈಮೇಲಿನ ಕೋಟು ತೆಗೆಯೋದನ್ನೇ ಬಿಡುತ್ತಾಳೆ. ಅದೇ ನೆಲ, ಅದೇ ಕಾಲುವೆ, ಒಬ್ಬರೇ ಹೊರಗೆ ಹೋಗುವ ಅದೇ ಸ್ವಾತಂತ್ರ್ಯ. ಈ ಎರಡು ಪುಸ್ತಕಗಳನ್ನು ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದು ಸುಳ್ಳು, ಇನ್ನೊಂದು ನಿಜ ಅಂತಲ್ಲ. 'ಮಗುವನ್ನು ಯಾರು ನೋಡಿಕೊಳ್ತಿದ್ದಾರೆ' ಅನ್ನುವ ಪ್ರಶ್ನೆಯನ್ನು ಕಾದಂಬರಿ ಕೊನೆಯತನಕ ಹಿಡಿದು ನಿಲ್ಲುತ್ತೆ. ಮೊದಲ ಪುಸ್ತಕ ಅದನ್ನು ಸೈಕಲ್ ಮೇಲೆ ದಾಟಿಹೋಗುತ್ತೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ದೊಡ್ಡ ವಿಮರ್ಶಕಿ ಆಗಿಬಿಡ್ತೀನಿ. ಇನ್ನೊಂದು ಬಾಕಿ ಇದೆ.

ಕನ್ನಡದಲ್ಲೂ ಈ ಪ್ರಕಾರ ಇದೆ. ನಾವೇ ಬರೆಯೋದು. ಹೊರದೇಶದ ನಮ್ಮ ಅಂಕಣಗಳಲ್ಲಿ ಹಿಮ ಇರುತ್ತೆ, ಮಗುವಿನ ತೊದಲುಗನ್ನಡ ಇರುತ್ತೆ, ಮಿಕ್ಸಿ ಸುಟ್ಟುಹೋದ ಕತೆ ಇರುತ್ತೆ. ಜೊತೆಗೆ ಊರಿಂದ ಬಂದ ಅಮ್ಮನೋ ಅತ್ತೆಯೋ ಇರುತ್ತಾರೆ. ಯಾವ ಪಾತ್ರದಲ್ಲಿ? ನಗೆಪಾತ್ರದಲ್ಲಿ. ಎಸ್ಕಲೇಟರ್ ಹತ್ತಲು ಹೆದರುವವರು, ಡಿಶ್‌ವಾಷರ್ ನಂಬದವರು, ಪ್ಲಾಸ್ಟಿಕ್ ಡಬ್ಬಿ ತೊಳೆದಿಡುವವರು. ನಾನೂ ಬರೆದಿದ್ದೆ. ಮಗಳು ಹುಟ್ಟಿದ ಹೊತ್ತಿಗೆ ಧಾರವಾಡದಿಂದ ಅವ್ವ ಬಂದಿದ್ದಳು. ಎರಡನೇ ವಾರ ಕೂಸಿಗೆ ನೀರು ಹಾಕಿ ಲೋಬಾನ ಹಾಕಿದಾಗ ಸ್ಮೋಕ್ ಅಲಾರಂ ಹೊಡಕೊಂಡದ್ದು, ಅವ್ವ ಸೆರಗು ಬೀಸಿ ಅದನ್ನು ಸುಮ್ಮನಾಗಿಸಲು ಹೋದದ್ದು, ಮೇಲಿನ ಮನೆಯ ಮುದುಕ ಚಪ್ಪಲಿಯಲ್ಲೇ ಇಳಿದು ಓಡಿಬಂದದ್ದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಬರೆದದ್ದರಲ್ಲಿ ಅತಿ ಹೆಚ್ಚು ಜನ ಹಂಚಿಕೊಂಡದ್ದೂ ಅದನ್ನೇ.

ಅವ್ವನಿಗೆ ಯಾರೋ ಓದಿ ಹೇಳಿದರು. ಫೋನಿನಲ್ಲಿ ಅವಳೂ ನಕ್ಕಳು. ಆಮೇಲೆ ಕೇಳಿದಳು, "ನಾ ಅಲ್ಲೆ ಮಾಡಿದ್ದು ಇಷ್ಟ ಏನವಾ?"

ಡಚ್ ಹೆಂಗಸು ಎಂಟನೇ ದಿನ ಸಹಿ ಹಾಕಿಸಿಕೊಂಡು ಹೋದಳು. ಅವಳ ಪ್ರತಿ ಗಂಟೆಗೂ ಲೆಕ್ಕವಿತ್ತು, ಸಂಬಳವಿತ್ತು, ಹೆಸರಿತ್ತು. ಅವ್ವ ಇದ್ದದ್ದು 90 ದಿನ. ವೀಸಾ ಅಷ್ಟೇ ದಿನಕ್ಕೆ ಸಿಗೋದು. ಬೆಳಗಿನ ಜಾವ ಎದ್ದು ಅಳ್ವಿ ಪಾಯಸ ಮಾಡಿದ್ದು, ಅಂಟಿನುಂಡಿ ಕಟ್ಟಿದ್ದು, ರಾತ್ರಿ ಎರಡಕ್ಕೆ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಯ ಚಳಿಯಲ್ಲಿ ಅಡ್ಡಾಡಿದ್ದು, ಭಾಷೆ ಬಾರದ ಊರಲ್ಲಿ ಮಗನ ಕೈ ಹಿಡಿದು ಮಳೆಯಲ್ಲಿ ಆಟದ ಶಾಲೆಗೆ ಬಿಟ್ಟು ಬಂದದ್ದು. ಇದ್ಯಾವುದಕ್ಕೂ ಯಾವ ಪುಸ್ತಕದಲ್ಲೂ ದಾಖಲೆಯಿಲ್ಲ. ವೀಸಾ ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಅನ್ನುವ ಕಡೆ ನಾನೇ ತುಂಬಿದ್ದೆ: ಕುಟುಂಬದ ಭೇಟಿ. ಆ ಲೋಬಾನದ ಅಂಕಣ ಬರೆಯಲು ನನಗೆ ಎರಡು ಗಂಟೆ ಬಿಡುವು ಸಿಕ್ಕಿತ್ತಲ್ಲ, ಆಗ ಮಗು ಯಾರ ಕೈಲಿತ್ತು ಅನ್ನೋದನ್ನು ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ಅಕೋಸ್ಟಾ, ಹಚಿಸನ್ ಪುಸ್ತಕವನ್ನು ಓದಬೇಡಿ ಅಂತ ನಾನು ಹೇಳೋದಿಲ್ಲ. ಓದಿ, ಚೆನ್ನಾಗಿದೆ. ಮಗು ಬಿದ್ದರೆ ಸ್ವಲ್ಪ ತಡೆದು ಎತ್ತೋದನ್ನು ನಾನೂ ಅಲ್ಲೇ ಕಲಿತದ್ದು. ಓದುವಾಗ ಕೈಯಲ್ಲೊಂದು ಪೆನ್ಸಿಲ್ ಇರಲಿ. ತಾಯಿ ಆರಾಮಾಗಿ ಕೂತ ಪ್ರತಿ ಪುಟದ ಅಂಚಿನಲ್ಲೂ 'ಯಾರ ಕೈಲಿ?' ಅಂತ ಬರೆಯುತ್ತಾ ಹೋಗಿ. ಉತ್ತರ ಸಿಕ್ಕ ಪುಟಗಳೇ ಉಪಯೋಗಕ್ಕೆ ಬರುವ ಪುಟಗಳು. ಅಲ್ಲಿಂದ ನಾವು ಕೇಳಬೇಕಾದದ್ದು ಶಾಂತ ಸ್ವಭಾವವನ್ನಲ್ಲ. ಆಫೀಸಿನ ಕೆಳಮಹಡಿಯಲ್ಲಿ ಕಾಯ್ದೆ ಹೇಳಿದ ಶಿಶುಪಾಲನಾ ಕೇಂದ್ರ ಎಲ್ಲಿ, ಅಪ್ಪನ ರಜೆ ಎಲ್ಲಿ, ಮಗುವನ್ನು ನಡೆಸಿಕೊಂಡು ಹೋಗಲು ಫುಟ್‌ಪಾತ್ ಎಲ್ಲಿ ಅಂತ. ಹಳ್ಳಿಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ನಮ್ಮ ರಾಜ್ಯವೇ 'ಕೂಸಿನ ಮನೆ' ಶುರುಮಾಡಿದೆ. ಅಂದ್ರೆ ಪ್ರಶ್ನೆ ನಮ್ಮಲ್ಲೂ ಯಾರಿಗೋ ಹೊಳೆದಿದೆ ಅಂತಾಯ್ತು.

ಮತ್ತೆ ನನ್ನ ಪುಟದ ಅಂಚು? ಇದನ್ನು ಬರೆಯುತ್ತಿರುವುದು ಬೆಂಗಳೂರಿನ ಮನೆಯಲ್ಲಿ, ಶನಿವಾರ ಮಧ್ಯಾಹ್ನ. ಗಂಡ ಮಗನನ್ನು ಈಜಿಗೆ ಕರಕೊಂಡು ಹೋಗಿದ್ದಾನೆ. ಮಗಳು ಒಳಗಿನ ಕೋಣೆಯಲ್ಲಿ ನಮ್ಮ ಮನೆಗೆಲಸಕ್ಕೆ ಬರುವವರ ಜೊತೆ ಆಡುತ್ತಿದ್ದಾಳೆ. ಅವರಿಗೂ ಇವಳ ವಯಸ್ಸಿನ ಒಬ್ಬ ಮಗನಿದ್ದಾನೆ. ಅವನು ಊರಲ್ಲಿ, ಅವರ ಅವ್ವನ ಹತ್ತಿರ.